ದಮ್ಮಾಮಿನಿಂದ ಬಂದ ಟೂ ಇನ್ ಒನ್: ಒಂದು ಮನೆ ರಿಪೇರಿಯ ಪ್ರಕರಣ ಅಧ್ಯಯನ

ಸೆಟ್ಟು ಮತ್ತು ಅದರ ದೂರು

ಬ್ರಹ್ಮಾವರದ ಹತ್ತಿರದ ದೊಡ್ಡಮ್ಮನ ಮನೆಯ ಅಟ್ಟದಲ್ಲಿ ಹಳೆಯ ಸೀರೆ ಸುತ್ತಿಟ್ಟಿದ್ದ ಸ್ಟೀರಿಯೊ ಟೂ ಇನ್ ಒನ್, ಅಂದರೆ ರೇಡಿಯೊ ಮತ್ತು ಟೇಪ್‌ರೆಕಾರ್ಡರು ಒಂದಾದ ಸೆಟ್ಟು ಇದು. 1986ರಲ್ಲಿ ದೊಡ್ಡಪ್ಪ ಸೌದಿಯ ದಮ್ಮಾಮಿನಿಂದ ರಜೆಗೆ ಬರುವಾಗ ಕೈಯಲ್ಲೇ ಹಿಡಿದು ತಂದದ್ದು. ಎರಡು ಕಡೆ ಸ್ಪೀಕರು, ನಡುವೆ ಒಂದು ಕ್ಯಾಸೆಟ್ ಬಾಗಿಲು, ಎಫ್‌ಎಂ, ಮೀಡಿಯಂ ವೇವ್, ಎರಡು ಶಾರ್ಟ್ ವೇವ್, ಹಿಂದೆ ಎಂಟು ದೊಡ್ಡ ಸೆಲ್ಲಿನ ಗೂಡು, ಮೇಲೆ ಹಾರ್ಮೋನಿಯಂ ಮನೆಗಳಂತೆ ಆರು ಗುಂಡಿ. ಆ ಕಾಲದಲ್ಲಿ ಕರಾವಳಿಯಲ್ಲಿ ಯಾರದಾದರೂ ಮನೆ ಜಗಲಿಯಲ್ಲಿ ಇಂಥದ್ದೊಂದು ಕೂತಿದ್ದರೆ, ಆ ಮನೆಯ ಒಬ್ಬರು ಗಲ್ಫಿನಲ್ಲಿದ್ದಾರೆ ಎಂದು ದಾರಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತಿತ್ತು.

ದೊಡ್ಡಪ್ಪ ತೀರಿಕೊಂಡು ಒಂಬತ್ತು ವರ್ಷ ಆಯಿತು. ಕಳೆದ ದೀಪಾವಳಿಗೆ ಹೋದಾಗ ದೊಡ್ಡಮ್ಮ ಸೆಟ್ಟನ್ನೂ ಅದರ ಜೊತೆ ಒಂದು ಬಿಸ್ಕತ್ತಿನ ಡಬ್ಬಿಯನ್ನೂ ನನ್ನ ಮುಂದೆ ಇಟ್ಟರು. ಡಬ್ಬಿಯಲ್ಲಿ ಹನ್ನೊಂದು ಕ್ಯಾಸೆಟ್. ಹತ್ತು ಯಕ್ಷಗಾನದ್ದು, ಭಜನೆಯದ್ದು. ಹನ್ನೊಂದನೆಯದರ ಮೇಲೆ ದೊಡ್ಡಪ್ಪನ ಅಕ್ಷರದಲ್ಲಿ ಒಂದು ತಾರೀಕು ಮಾತ್ರ, 1988ರದ್ದು.

"ಇದು ಅವರ ಕಾಗದ. ಇದು ಇನ್ನೊಂದು ಸಲ ಮಾತಾಡುವುದು ಉಂಟಾ ಮಗಾ?" ಎಂದರು.

ಕಾಗದ ಎಂದರೆ ಧ್ವನಿಯ ಕಾಗದ. ದಮ್ಮಾಮಿನಿಂದ ಫೋನ್ ಮಾಡುವುದು ದುಬಾರಿ, ಇಲ್ಲಿ ಮನೆಯಲ್ಲಿ ಫೋನೂ ಇಲ್ಲ. ಊರಿಗೆ ಹೊರಟವರು ಯಾರಾದರೂ ಸಿಕ್ಕರೆ ಅರ್ಧ ಗಂಟೆ ಮಾತಾಡಿ ಕ್ಯಾಸೆಟ್ ತುಂಬಿಸಿ ಅವರ ಕೈಯಲ್ಲಿ ಕಳಿಸುತ್ತಿದ್ದರು. ಇಲ್ಲಿಂದ ಉತ್ತರವೂ ಹಾಗೆಯೇ ಹೋಗುತ್ತಿತ್ತು. ಅಕ್ಷರ ಬಾರದ ಅಜ್ಜಿಯೂ ಮಗನಿಗೆ ಕಾಗದ ಹೇಳಲು ಸಾಧ್ಯವಾದದ್ದು ಹೀಗೆ.

ನಾನು ಕಸುಬಿನ ಮೆಕ್ಯಾನಿಕ್ ಅಲ್ಲ. ಇಪ್ಪತ್ತು ವರ್ಷದಿಂದ ಮನೆಯ ಮೇಜಿನ ಮೇಲೆ ರೇಡಿಯೊ, ಟೇಪ್‌ರೆಕಾರ್ಡರು ಬಿಚ್ಚುತ್ತ ಕಲಿತವನು. ಪೇಟೆಯ ಒಂದು ಅಂಗಡಿಯಲ್ಲಿ ಈ ಸೆಟ್ಟನ್ನು ಆಗಲೇ ನೋಡಿ, "ಐಸಿ ಹೋಗಿದೆ, ಪಾರ್ಟ್ ಸಿಗುವುದಿಲ್ಲ, ಗುಜರಿಗೆ ಹಾಕಿ" ಎಂದಿದ್ದರಂತೆ. ದೂರುಗಳು ನಾಲ್ಕು: ಕ್ಯಾಸೆಟ್ ತಿರುಗುವುದಿಲ್ಲ; ಕರೆಂಟಿಗೆ ಹಾಕಿದರೆ ಗುಂಯ್ ಎನ್ನುತ್ತದೆ; ಸೆಲ್ಲಿನಲ್ಲಿ ಜೀವವೇ ಇಲ್ಲ; ಹಿಂದೆ ಓಡುತ್ತಿದ್ದಾಗಲೂ ಟೇಪಿನಲ್ಲಿ ಎಡಗಡೆ ಸ್ಪೀಕರು ಮಾತಾಡುತ್ತಿರಲಿಲ್ಲ. ನಾಲ್ಕಕ್ಕೂ ಒಂದೇ ಕಾರಣ ಹುಡುಕಿದರೆ ಐಸಿಯ, ಅಂದರೆ ಸ್ಪೀಕರಿಗೆ ದನಿ ದೊಡ್ಡದು ಮಾಡಿ ಕೊಡುವ ಚಿಪ್‌ನ, ಮೇಲೆ ಗುಮಾನಿ ಬರುವುದು ಸಹಜ. ಆದರೆ ಮೂವತ್ತೆಂಟು ವರ್ಷದ ಸೆಟ್ಟಿನಲ್ಲಿ ನಾಲ್ಕು ದೂರಿಗೆ ನಾಲ್ಕು ಬೇರೆ ಬೇರೆ ಕಾರಣ ಇರುವುದೇ ಹೆಚ್ಚು, ಅದೂ ಎಲ್ಲ ಸಣ್ಣಪುಟ್ಟವು.

ಕರೆಂಟು ಕೊಡುವ ಮೊದಲು

ಗಲ್ಫಿನಿಂದ ಬಂದ ಸೆಟ್ಟಿಗೆ ಮೊದಲು ನೋಡಬೇಕಾದದ್ದು ಹಿಂಬದಿಯ ವೋಲ್ಟೇಜ್ ಸ್ವಿಚ್ಚು. ಸೌದಿಯ ಮನೆಗಳಲ್ಲಿ ಆಗ ಸಾಮಾನ್ಯ ಪ್ಲಗ್ಗಿಗೆ ಬರುತ್ತಿದ್ದದ್ದು 127 ವೋಲ್ಟಿನ, 60 ಹರ್ಟ್ಸಿನ ಕರೆಂಟು. ನಮ್ಮದು 230 ವೋಲ್ಟು, 50 ಹರ್ಟ್ಸ್. ಸ್ವಿಚ್ಚು ಅಲ್ಲಿಯ ವೋಲ್ಟಿನಲ್ಲೇ ಉಳಿದಿದ್ದು ಇಲ್ಲಿ ಪ್ಲಗ್ ಹಾಕಿದರೆ ಟ್ರಾನ್ಸ್‌ಫಾರ್ಮರು ಕಾದು ಸುಟ್ಟುಹೋಗುತ್ತದೆ. ಹರ್ಟ್ಸ್ ಬದಲಾದದ್ದರಿಂದ ತೊಂದರೆ ಇಲ್ಲ, ಯಾಕೆಂದರೆ ಟೇಪು ತಿರುಗಿಸುವುದು ಡಿಸಿ ಮೋಟರು. (ಈ 60 ಮತ್ತು 50ರ ಲೆಕ್ಕ ಕೊನೆಗೆ ನನ್ನ ಕೈಹಿಡಿಯಿತು. ಆಗ ಗೊತ್ತಿರಲಿಲ್ಲ.)

ನೋಡಿದರೆ ಸ್ವಿಚ್ಚಿನ ಮೇಲೆ ಗಾಯಕ್ಕೆ ಹಚ್ಚುವ ಪ್ಲಾಸ್ಟರು ಅಂಟಿಸಿತ್ತು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ "220 ಮುಟ್ಟಬಾರದು." ದೊಡ್ಡಪ್ಪನ ಅಕ್ಷರ. ಮನೆಯ ಮಕ್ಕಳ ಕೈಯಿಂದ ಆ ಟ್ರಾನ್ಸ್‌ಫಾರ್ಮರನ್ನು ಇಷ್ಟು ವರ್ಷ ಕಾಪಾಡಿದ್ದು ಆ ಪ್ಲಾಸ್ಟರು. ಅದನ್ನು ನಾನೂ ತೆಗೆಯಲಿಲ್ಲ.

ಆಮೇಲೆ ಸೀರೀಸ್ ಬೋರ್ಡು. 40 ವ್ಯಾಟಿನ ಹಳೇ ನಮೂನೆಯ ತಂತಿ ಬಲ್ಬನ್ನು ಸೆಟ್ಟಿನ ದಾರಿಗೆ ಅಡ್ಡ ಸೇರಿಸಿ ಕರೆಂಟು ಕೊಡುವುದು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಇಲ್ಲಿ ಬಲ್ಬಿನ ತಂತಿ ಒಂದು ಕ್ಷಣ ಕೆಂಪಾಗಿ ಆರಿತು. ಅಂದರೆ ಟ್ರಾನ್ಸ್‌ಫಾರ್ಮರು ಗಟ್ಟಿ ಇದೆ. ಸ್ಪೀಕರಿನಲ್ಲಿ ಮಾತ್ರ ಗುಂಯ್ ಶಬ್ದ. ವಾಲ್ಯೂಮ್ ಪೂರ್ತಿ ಇಳಿಸಿದರೂ ಅದು ಕಮ್ಮಿಯಾಗಲಿಲ್ಲ. ವಾಲ್ಯೂಮಿಗೆ ಬಗ್ಗದ ಗುಂಯ್ ಎಂದರೆ ಬಹುಮಟ್ಟಿಗೆ ಪವರ್ ಸಪ್ಲೈಯಲ್ಲಿ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕಂಡೆನ್ಸರು ಸೋತಿದೆ ಎಂದರ್ಥ. ಬಿಚ್ಚಿ ನೋಡಿದರೆ 2200 ಮೈಕ್ರೊಫ್ಯಾರಡ್, 25 ವೋಲ್ಟಿನ ಕಂಡೆನ್ಸರಿನ ತಲೆ ಉಬ್ಬಿತ್ತು, ಬುಡದಲ್ಲಿ ಕಂದು ಕಲೆ. ಅದೇ ಅಳತೆಯ ಹೊಸದನ್ನು, 105 ಡಿಗ್ರಿ ಶಾಖ ತಡೆಯುವಂಥದ್ದನ್ನು, ಪ್ಲಸ್ಸು ಮೈನಸ್ಸು ನೋಡಿ ಬೆಸುಗೆ ಹಾಕಿದೆ. ಡಿಸಿ ಲೈನಿನ ಮೇಲೆ ಮಲ್ಟಿಮೀಟರಿನ ಎಸಿ ರೀಡಿಂಗು 1.2 ವೋಲ್ಟು ಇದ್ದದ್ದು 0.05ಕ್ಕೆ ಇಳಿಯಿತು. ಗುಂಯ್ ಹೋಯಿತು. "ಹೋಗಿದೆ" ಎನ್ನಿಸಿಕೊಂಡಿದ್ದ ಐಸಿ ಎರಡೂ ಸ್ಪೀಕರಿನಲ್ಲಿ ರೇಡಿಯೊ ಹಾಡಿಸಿತು.

ಸೆಲ್ಲಿನ ವಿಷಯ ನನ್ನನ್ನು ಒಂದು ಸಂಜೆ ಪೂರ್ತಿ ಸುತ್ತಿಸಿತು. ಗೂಡಿನ ಸ್ಪ್ರಿಂಗುಗಳ ಮೇಲೆ ಬಿಳಿ-ಹಸಿರು ಬೂಷ್ಟು ಕಟ್ಟಿತ್ತು. ಹಳೇ ಕೆಂಪು ಸೆಲ್ಲುಗಳು ಸೋರಿದ ಗುರುತು. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹತ್ತಿ ಅದ್ದಿ ಉಜ್ಜಿ, ಒರೆಸಿ, ಒಣಗಿಸಿ, ಸಣ್ಣ ಅರದಿಂದ ಹೊಳಪು ಬರಿಸಿದೆ. ಹೊಸ ಸೆಲ್ಲು ಹಾಕಿದೆ. ಗೂಡಿನ ಎರಡು ತುದಿಯಲ್ಲಿ 12 ವೋಲ್ಟು ಸರಿಯಾಗಿ ಸಿಗುತ್ತಿದೆ, ಸೆಟ್ಟು ಮಾತ್ರ ಸತ್ತಂತೆಯೇ ಇದೆ. ಕಣ್ಣಿಗೆ ಕಾಣುವ ಕೊಳೆಯೇ ಕಾರಣ ಎಂದು ನಂಬಿಬಿಟ್ಟದ್ದು ನನ್ನ ತಪ್ಪು. ಇಂಥ ಸೆಟ್ಟುಗಳಲ್ಲಿ ಕರೆಂಟಿನ ವೈರು ಚುಚ್ಚುವ ಸಾಕೆಟ್ಟಿನೊಳಗೆ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ವೈರು ಚುಚ್ಚಿದರೆ ಅದು ಸೆಲ್ಲಿನ ದಾರಿ ಕಡಿಯುತ್ತದೆ, ವೈರು ಕಿತ್ತರೆ ಮತ್ತೆ ಸೇರಿಸುತ್ತದೆ. ವರ್ಷಗಟ್ಟಲೆ ವೈರನ್ನು ಚುಚ್ಚಿಯೇ ಇಟ್ಟದ್ದರಿಂದ ಅದರ ತಗಡು ಕಪ್ಪಾಗಿ ಸೇರುತ್ತಿರಲಿಲ್ಲ. ಕಾಂಟ್ಯಾಕ್ಟ್ ಕ್ಲೀನರಿನ ಎರಡು ಹನಿ, ವೈರನ್ನು ಇಪ್ಪತ್ತು ಸಲ ಚುಚ್ಚಿ ಕಿತ್ತದ್ದು, ಅಷ್ಟೇ ಚಿಕಿತ್ಸೆ. ನಿಮ್ಮ ಮನೆಯ ಸೆಟ್ಟೂ ಕರೆಂಟಿನಲ್ಲಿ ಓಡಿ ಸೆಲ್ಲಿನಲ್ಲಿ ಓಡದಿದ್ದರೆ ಸ್ಪ್ರಿಂಗಿಗಿಂತ ಮೊದಲು ಈ ಸಾಕೆಟ್ಟನ್ನು ನೋಡಿ.

ರೇಡಿಯೊ ಭಾಗಕ್ಕೆ ಮುರಿದ ಏರಿಯಲ್ ಬದಲಿಸಿದ್ದು ಬಿಟ್ಟರೆ ಕೆಲಸವೇ ಇರಲಿಲ್ಲ. ಗಲ್ಫಿನ ಸೆಟ್ಟಾದ್ದರಿಂದ ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್. ಜಪಾನಿನವರು ತಮ್ಮ ದೇಶಕ್ಕೇ ಮಾಡಿಕೊಂಡ ಹಳೆಯ ಸೆಟ್ಟುಗಳಲ್ಲಿ ಎಫ್‌ಎಂ 76ರಿಂದ 90ರವರೆಗೆ ಮಾತ್ರ ಇರುತ್ತದೆ. ಈಗ ಆನ್‌ಲೈನಿನಲ್ಲಿ ಚಂದ ನೋಡಿ ಅವನ್ನು ತರಿಸಿಕೊಳ್ಳುವವರು ಡಯಲ್ ಓದಿ ದುಡ್ಡು ಕೊಡಬೇಕು.

ಹಲಸಿನ ಮೇಣ

ಕ್ಯಾಸೆಟ್ ಗುಂಡಿ ಒತ್ತಿದರೆ ಒಳಗೆ ಮೋಟರು ತಿರುಗುವ ಸದ್ದು ಕೇಳುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ. ಬೆಲ್ಟು ಎಂದು ಬಿಚ್ಚುವ ಮೊದಲೇ ಗೊತ್ತಾಯಿತು. ಆದರೆ ಬೆಲ್ಟು ತುಂಡಾಗಿರಲಿಲ್ಲ, ಕರಗಿತ್ತು. ಹಳೆಯ ಬೆಲ್ಟುಗಳಲ್ಲಿ ಕೆಲವು ಒಣಗಿ ಸಡಿಲವಾಗುತ್ತವೆ. ಇನ್ನು ಕೆಲವು, ಮುಖ್ಯವಾಗಿ ಪಾಲಿಯುರೆಥೇನಿನವು, ಗಾಳಿಯ ತೇವ ಹೀರಿ ಹೀರಿ ಡಾಂಬರಿನಂತಾಗುತ್ತವೆ. ಮಳೆಗಾಲದಲ್ಲಿ ಚಾಪೆಗೂ ಬೂಷ್ಟು ಹಿಡಿಯುವ ನಮ್ಮ ಕರಾವಳಿಯಲ್ಲಿ ಇದು ಬೇಗ. ಮೋಟರಿನ ಹಿತ್ತಾಳೆ ಪುಲ್ಲಿ, ಬೆಲ್ಟು ತಿರುಗಿಸುವ ಭಾರದ ಚಕ್ರವಾದ ಫ್ಲೈವೀಲಿನ ಅಂಚು, ಕೆಳಗಿನ ತಗಡು, ಎಲ್ಲೆಲ್ಲೂ ಕರಿ ಅಂಟು. ಬೆರಳಿಗೆ ಮುಟ್ಟಿದರೆ ನೂಲಿನಂತೆ ಎಳೆದುಕೊಂಡು ಬಂತು. ಥೇಟ್ ಹಲಸಿನ ಮೇಣ.

ದೊಡ್ಡಮ್ಮ ನೋಡಿ, "ತೆಂಗಿನೆಣ್ಣೆ ಹಾಕು ಮಗಾ, ಬಿಡುತ್ತದೆ" ಎಂದರು. ಹಲಸು ಬಿಡಿಸುವ ಕೈಗೆ ಅದು ಸರಿಯಾದ ಮಾತು, ನನ್ನ ಕೈಗೂ ಅದೇ ಮದ್ದಾಯಿತು: ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸಾಬೂನು. ಆದರೆ ಡೆಕ್ಕಿನೊಳಗೆ ಎಣ್ಣೆಯ ಒಂದು ಹನಿ ಹೋದರೂ ಹೊಸ ಬೆಲ್ಟು ಜಾರುತ್ತದೆ, ರಬ್ಬರು ಉಬ್ಬುತ್ತದೆ. ಅಲ್ಲಿಗೆ ಐಸೊಪ್ರೊಪೈಲ್ ಆಲ್ಕೋಹಾಲು ಮತ್ತು ತಾಳ್ಮೆ ಮಾತ್ರ. ಕಿವಿಯ ಹತ್ತಿಕಡ್ಡಿ ಅರ್ಧ ಪ್ಯಾಕೆಟ್ಟು ಮುಗಿಯಿತು. ಪುಲ್ಲಿಯ ತೋಡಿನಲ್ಲಿ ಒಂದು ಚೂರು ಅಂಟು ಉಳಿದರೂ ಪ್ರತಿ ಸುತ್ತಿಗೊಮ್ಮೆ ಬೆಲ್ಟು ಕುಂಟುತ್ತದೆ, ಹಾಡಿನ ಶ್ರುತಿ ಅಲುಗುತ್ತದೆ. ಹಾಗಾಗಿ ಕೊನೆಗೆ ಬಿಳಿ ಹತ್ತಿ ಬಿಳಿಯಾಗಿಯೇ ವಾಪಸು ಬರುವ ತನಕ ಒರೆಸಿದೆ.

ಹೊಸ ಬೆಲ್ಟಿನ ಅಳತೆಗೆ ಹಳೆಯದು ಇಲ್ಲ. ಹೊಲಿಗೆ ನೂಲನ್ನು ಮೋಟರಿನ ಪುಲ್ಲಿಯಿಂದ ಫ್ಲೈವೀಲಿಗೆ, ಬೆಲ್ಟು ಓಡುವ ದಾರಿಯಲ್ಲೇ ಬಿಗಿಯಾಗಿ ಸುತ್ತಿ ಕತ್ತರಿಸಿದೆ. 236 ಮಿಲಿಮೀಟರ್ ಬಂತು. 3.14ರಿಂದ ಭಾಗಿಸಿದರೆ ವ್ಯಾಸ 75. ಬೆಲ್ಟು ಹಿಗ್ಗಿ ಕೂರಬೇಕು, ಅದಕ್ಕೆ ನೂರಕ್ಕೆ ಐದಾರು ಕಮ್ಮಿ ಹಿಡಿದರೆ 70 ಮಿಲಿಮೀಟರಿನ ಚಪ್ಪಟೆ ಬೆಲ್ಟು. ತೀರ ಬಿಗಿ ಹಾಕಬಾರದು, ಮೋಟರಿನ ಬುಶ್ಶು ಸವೆಯುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಲ್ಲಿ ಓಡಾಡುವ ಗೆಳೆಯನೊಬ್ಬ ಆ ಅಳತೆಯದ್ದು ಎರಡು ಕಳಿಸಿಕೊಟ್ಟ. ಒಂದು ಹಾಕಿದೆ, ಇನ್ನೊಂದನ್ನು ಸೆಟ್ಟಿನ ಒಳಗೇ ಪ್ಲಾಸ್ಟಿಕ್ ಚೀಲದಲ್ಲಿ ಅಂಟಿಸಿಟ್ಟೆ, ಮುಂದೆ ಬಿಚ್ಚುವವರಿಗೆ.

ಎಡಗಡೆ

ಈಗ ಟೇಪು ಓಡಿತು. ಬಲಗಡೆ ಚೆಂಡೆ, ಎಡಗಡೆ ಮೌನ. ರೇಡಿಯೊದಲ್ಲಿ ಎರಡೂ ಕಡೆ ಸರಿ ಇದೆ ಎಂದರೆ ಸ್ಪೀಕರು, ಐಸಿ, ವಾಲ್ಯೂಮು ಎಲ್ಲ ಸರಿ. ಉಳಿದದ್ದು ಟೇಪನ್ನು ಓದುವ ಹೆಡ್ಡು, ಅದರ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಪ್ರಿಆಂಪು, ಮತ್ತು ಇವೆರಡರ ನಡುವೆ ಇರುವ ರೆಕಾರ್ಡ್-ಪ್ಲೇ ಸ್ವಿಚ್ಚು.

ಈ ಸ್ವಿಚ್ಚನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬೋರ್ಡಿನ ಮೇಲೆ ಉದ್ದಕ್ಕೆ ಮಲಗಿರುವ, ಬೆರಳುದ್ದದ ಜಾರುವ ಸ್ವಿಚ್ಚು. ಎರಡು ಸಾಲಿನಲ್ಲಿ ಹತ್ತಾರು ಕಾಲು. ರೆಕಾರ್ಡ್ ಗುಂಡಿ ಒತ್ತಿದಾಗ ತಗಡಿನ ತೋಳೊಂದು ಅದನ್ನು ನಾಲ್ಕೈದು ಮಿಲಿಮೀಟರ್ ಎಳೆಯುತ್ತದೆ. ಅಷ್ಟರಲ್ಲಿ ಹೆಡ್ಡು ಕೇಳುವ ಕೆಲಸ ಬಿಟ್ಟು ಬರೆಯುವ ಕೆಲಸ ಹಿಡಿಯುತ್ತದೆ. ಹೆಡ್ಡಿನಿಂದ ಬರುವ ಸಿಗ್ನಲ್ಲು ಮಿಲಿವೋಲ್ಟಿಗೂ ಕಮ್ಮಿ. ಒಳಗಿನ ಬೆಳ್ಳಿ ಲೇಪದ ಮೇಲೆ ಕೂದಲೆಳೆಯಷ್ಟು ಕಪ್ಪು ಹಿಡಿದರೂ ಅದು ದಾಟುವುದಿಲ್ಲ. ಹಳೆಯ ಟೂ ಇನ್ ಒನ್‌ಗಳಲ್ಲಿ ಒಂದು ಕಡೆ ದನಿ ಹೋಗುವುದಕ್ಕೆ, ಕೀ ಎಂದು ಕಿರುಚುವುದಕ್ಕೆ, ನಾನು ಕಂಡ ಮಟ್ಟಿಗೆ, ಇದೇ ಮೊದಲ ಕಾರಣ.

ಪರೀಕ್ಷೆ ಸುಲಭ. ಬೇಡದ ಕ್ಯಾಸೆಟ್ ಹಾಕಿ ಓಡಿಸಿ, ಮರದ ಕಡ್ಡಿಯಿಂದ ಆ ಸ್ವಿಚ್ಚಿನ ತುದಿಯನ್ನು ಒಂದು ಕೂದಲಷ್ಟು ಅಲುಗಿಸಿದೆ. ಎಡಗಡೆ ಕರಕರ ಎಂದು ಚೆಂಡೆ ಬಂದು ಹೋಯಿತು. ಕ್ಯಾಸೆಟ್ ಹೊರತೆಗೆದು, ಕರೆಂಟು ಕಿತ್ತು, ಸ್ವಿಚ್ಚಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರು ಹೊಡೆದು ನಲವತ್ತು ಸಲ ಹಿಂದೆ ಮುಂದೆ ಜಾರಿಸಿದೆ. ಕ್ಯಾಸೆಟ್ ಹೊರತೆಗೆಯುವುದು ಯಾಕೆಂದು ಬಿಡಿಸಿ ಹೇಳುತ್ತೇನೆ: ಟೇಪು ಓಡುತ್ತಿರುವಾಗ ಆ ಸ್ವಿಚ್ಚು ಪೂರ್ತಿ ಜಾರಿದರೆ ಅದು ರೆಕಾರ್ಡಿಂಗು, ಮೇಲಿದ್ದದ್ದು ಅಳಿಸಿಹೋಗುತ್ತದೆ. ದೊಡ್ಡಮ್ಮ ಡಬ್ಬಿ ಕೊಟ್ಟ ದಿನವೇ ನಾನು ಮಾಡಿದ ಮೊದಲ ಕೆಲಸ, ಆ ಕಾಗದದ ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದದ್ದು. ಹಲ್ಲು ಇಲ್ಲದ ಕ್ಯಾಸೆಟ್ಟಿಗೆ ರೆಕಾರ್ಡ್ ಗುಂಡಿ ಕೂರುವುದೇ ಇಲ್ಲ.

ಎಡಗಡೆ ದನಿ ಬಂತು. ಸೆಟ್ಟು ಎರಡೂ ಕಿವಿಗೆ ಹಾಡಿತು.

ವೇಗ

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ತೋರಿಸಿದಾಗಿನಿಂದ ಅದರ ವೇಗ ಒಂದೇ: ಸೆಕೆಂಡಿಗೆ 4.76 ಸೆಂಟಿಮೀಟರ್. ದಮ್ಮಾಮಿನಲ್ಲಿ ತುಂಬಿಸಿದ್ದು ಬ್ರಹ್ಮಾವರದಲ್ಲಿ ಕೇಳುವುದು ಈ ಒಂದು ಒಪ್ಪಂದದಿಂದ. ಬೆಲ್ಟು ಬದಲಾದ ಮೇಲೆ ಅದನ್ನು ಅಳೆದೇ ನೋಡಬೇಕು, ಕಿವಿಯ ಅಂದಾಜು ಸಾಲದು. ಪರಿಚಯದವರೊಬ್ಬರ ಒಳ್ಳೆಯ ಡೆಕ್ಕಿನಲ್ಲಿ 3150 ಹರ್ಟ್ಸಿನ ಒಂದೇ ಸಮನೆ ಸ್ವರ ತುಂಬಿಸಿದ ಕ್ಯಾಸೆಟ್ ನನ್ನಲ್ಲಿದೆ. ಅದನ್ನು ಹಾಕಿ ಮೊಬೈಲಿನಲ್ಲಿ ನೋಡಿದರೆ 3040. ನೂರಕ್ಕೆ ಮೂರೂವರೆ ನಿಧಾನ. ಇಂಥ ಮೋಟರುಗಳ ಬೆನ್ನಿನಲ್ಲಿ ಒಂದು ಸೂಜಿತೂತು ಇರುತ್ತದೆ, ಅದರೊಳಗೆ ವೇಗದ ತಿರುಗಣೆ. ಗಡಿಯಾರದ ಸ್ಕ್ರೂಡ್ರೈವರಿನಿಂದ ಒಂದಿಷ್ಟೇ ಇಷ್ಟು ತಿರುಗಿಸಿ, ಹತ್ತು ನಿಮಿಷ ಓಡಲು ಬಿಟ್ಟು, ಮತ್ತೆ ನೋಡಿ, 3150ರ ಆಚೀಚೆ ಮೂರು ನಾಲ್ಕು ಹರ್ಟ್ಸಿನೊಳಗೆ ನಿಲ್ಲಿಸಿದೆ.

ಹೆಡ್ಡಿನ ಪಕ್ಕದ ಸ್ಪ್ರಿಂಗ್ ಸ್ಕ್ರೂವನ್ನು ಮುಟ್ಟಲಿಲ್ಲ. ಹೆಡ್ಡು ಟೇಪಿಗೆ ಲಂಬ ಕೋನದಲ್ಲಿ ನಿಲ್ಲುವಂತೆ ಮಾಡುವ ಸ್ಕ್ರೂ ಅದು. ಅದರ ಮೇಲೆ ಕಾರ್ಖಾನೆಯಲ್ಲಿ ಹಚ್ಚಿದ ಹಸಿರು ಬಣ್ಣದ ಚುಕ್ಕೆ ಒಡೆಯದೆ ಹಾಗೇ ಇತ್ತು. ಯಾರೂ ಕೈಹಾಕಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಕಾಗದ

ಆ ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿಯ ಮೇಲೆ ಬಿಳಿ ಜೇಡನ ಬಲೆಯಂಥದ್ದು ಕಾಣುತ್ತಿತ್ತು. ಬೂಷ್ಟು. ಹಾಗೇ ಹಾಕಿ ಓಡಿಸಿದರೆ ಹೆಡ್ಡಿಗೂ ಹರಡುತ್ತದೆ, ಅಂಟಿದ ಸುತ್ತು ಹರಿಯಲೂಬಹುದು. ಬಿಸಿಲಿಗೆ ಇಡಬಾರದು, ಟೇಪು ಸೊಟ್ಟಗಾಗುತ್ತದೆ. ಸ್ಟೀಲಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳ ಜೊತೆ ಹತ್ತು ದಿನ ಮುಚ್ಚಿಟ್ಟೆ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ಕೂತು, ಐದು ಸ್ಕ್ರೂ ಬಿಚ್ಚಿ ಕ್ಯಾಸೆಟ್ ತೆರೆದೆ. ಒಣಗಿದ ಬೂಷ್ಟು ಮೃದು ಬ್ರಶ್ಶಿಗೆ ಪುಡಿಯಾಗಿ ಉದುರಿತು. ಒಳಗೆ ಇನ್ನೊಂದು ಕೊರತೆ ಕಂಡಿತು: ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಉಣ್ಣೆಯ ತುಂಡು ಅಂಟು ಬಿಟ್ಟು ಮೂಲೆಯಲ್ಲಿ ಬಿದ್ದಿತ್ತು. ಅದಿಲ್ಲದಿದ್ದರೆ ಸೆಟ್ಟು ಎಷ್ಟು ಚೆನ್ನಾಗಿದ್ದರೂ ದನಿ ಮಂಕು. ಎರಡೂ ಸುರುಳಿಗಳನ್ನು ಹೊಸ ಕ್ಯಾಸೆಟ್ಟಿನ ಚಿಪ್ಪಿಗೆ ವರ್ಗಾಯಿಸಿದೆ. ತಾರೀಕು ಬರೆದ ಹಳೇ ಚಿಪ್ಪನ್ನು ದೊಡ್ಡಮ್ಮನಿಗೇ ಕೊಟ್ಟೆ.

ಹಾಕಿದೆ. ದೊಡ್ಡಪ್ಪನ ದನಿ ಬಂತು. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಐದು ನಿಮಿಷ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು: "ಅವರೇ ಹೌದು. ಆದರೆ ಅವರು ಹೀಗೆ ಅವಸರದಲ್ಲಿ ಮಾತಾಡುವವರಲ್ಲ ಮಗಾ. ದನಿಯೂ ಇಷ್ಟು ತೆಳ್ಳಗಲ್ಲ."

ನಾನು ಮೊಬೈಲಿನ 3150 ತೋರಿಸಿ, ವೇಗ ಸರಿ ಇದೆ ದೊಡ್ಡಮ್ಮ, ಮೂವತ್ತಾರು ವರ್ಷ ಆಯಿತಲ್ಲ, ನೆನಪು ಹಾಗೆ ಅನ್ನಿಸುತ್ತದೆ ಎಂದೆ. ಅವರು ವಾದ ಮಾಡಲಿಲ್ಲ. ಒಳಗೆ ಹೋಗಿ ಚಾ ಇಟ್ಟರು. ಆ ಮಾತು ನಾನು ಆಡಬಾರದಿತ್ತು. ಸೆಟ್ಟು ಸರಿ ಇದೆ ಎಂಬುದಕ್ಕಷ್ಟೇ ನನ್ನಲ್ಲಿ ಪುರಾವೆ ಇತ್ತು, ಆ ಟೇಪನ್ನು ತುಂಬಿಸಿದ ರೆಕಾರ್ಡರು ಸರಿ ಇತ್ತು ಎಂಬುದಕ್ಕೆ ಏನೂ ಇರಲಿಲ್ಲ. ದೊಡ್ಡಪ್ಪ ಮಾತಾಡಿದ್ದು ಈ ಸೆಟ್ಟಿನಲ್ಲಲ್ಲ. ಇದನ್ನು ಅವರು ಊರಲ್ಲೇ ಬಿಟ್ಟು ಹೋಗಿದ್ದರು. ರೂಮಿನವರ ಒಂದು ಸಣ್ಣ ಮೋನೊ ರೆಕಾರ್ಡರಿನಲ್ಲಿ ತುಂಬಿಸುತ್ತಿದ್ದರೆಂದು ದೊಡ್ಡಮ್ಮನೇ ಹೇಳಿದ್ದರು. ಅದು ನಿಧಾನ ಓಡಿದ್ದರೆ, ಸರಿಯಾದ ಸೆಟ್ಟಿನಲ್ಲಿ ಅದೇ ಮಾತು ಅವಸರವಾಗಿಯೇ ಕೇಳಬೇಕು.

ಆದರೆ ಎಷ್ಟು ಅವಸರ? ದೊಡ್ಡಪ್ಪನ ದನಿಯನ್ನು ಅಳೆಯಲು ಸ್ವರದ ಕ್ಯಾಸೆಟ್ ಇಲ್ಲ.

125 ಮತ್ತು 98

ಮರುದಿನ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಕೂತೆ. ಹೆಡ್‌ಫೋನ್ ತೂತಿನಿಂದ ಲೈನ್ ಇನ್‌ಗೆ ವೈರು, ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರು. ದನಿ ಸ್ವಲ್ಪ ಮಂಕಿತ್ತು. ಮೋನೊ ಹೆಡ್ಡು ಟೇಪಿನ ಅಗಲದಲ್ಲಿ ಒಂದೂವರೆ ಮಿಲಿಮೀಟರಿನ ಒಂದೇ ಪಟ್ಟೆ ಬರೆಯುತ್ತದೆ. ಸ್ಟೀರಿಯೊ ಹೆಡ್ಡು ಅದನ್ನು 0.6 ಮಿಲಿಮೀಟರಿನ ಎರಡು ಪಟ್ಟೆಯಾಗಿ ಓದುತ್ತದೆ. ಬರೆದ ಹೆಡ್ಡು ಸ್ವಲ್ಪ ವಾಲಿದ್ದರೆ ಓದುವ ಹೆಡ್ಡೂ ಅಷ್ಟೇ ವಾಲಬೇಕು, ಇಲ್ಲವಾದರೆ ಸ, ಶ, ಚ ಎಲ್ಲ ಮಬ್ಬಾಗುತ್ತವೆ. ಹಸಿರು ಚುಕ್ಕೆಯ ಸ್ಕ್ರೂವನ್ನು ಮುಟ್ಟಲೇಬೇಕಾಯಿತು. ಮೂಲ ಜಾಗಕ್ಕೆ ಉಗುರುಬಣ್ಣದ ಗೆರೆ ಎಳೆದುಕೊಂಡು, ಎರಡೂ ಕಡೆಯ ದನಿ ಸೇರಿಸಿ ಕೇಳುತ್ತ, ಕಾಲು ಸುತ್ತು ತಿರುಗಿಸಿದಾಗ "ಶ್ರಾದ್ಧ" ಎಂಬ ಮಾತಿನ ಶಕಾರ ಗರಿಗರಿಯಾಗಿ ಬಂತು.

ಗರಿಗರಿಯಾದದ್ದು ಮಾತೊಂದೇ ಅಲ್ಲ. ಅವರು ಮಾತು ನಿಲ್ಲಿಸಿದಾಗಲೆಲ್ಲ ಹಿಂದೆ ಒಂದು ಗುಂಯ್ ಮೇಲೇಳುತ್ತಿತ್ತು. ಸಣ್ಣ ರೆಕಾರ್ಡರುಗಳಲ್ಲಿ ಮಾತು ನಿಂತ ಕೂಡಲೇ ದನಿಯ ಮಟ್ಟ ತಾನಾಗಿ ಏರುತ್ತದೆ, ಒಳಗಿನ ಕರೆಂಟಿನ ಗುಂಯ್ ಕೂಡ ಟೇಪಿಗೆ ಬೀಳುತ್ತದೆ. ಆಗ ಹೊಳೆಯಿತು. ಆ ಗುಂಯ್ ದಮ್ಮಾಮಿನ ಕರೆಂಟಿನದು. ಅಲ್ಲಿ 60 ಹರ್ಟ್ಸ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರು ದಾಟಿದ ಮೇಲೆ ಅದರ ಎರಡರಷ್ಟು, 120. ಸ್ವರದ ಕ್ಯಾಸೆಟ್ ಈ ಟೇಪಿನೊಳಗೇ ಇತ್ತು!

ನಮ್ಮ ಮನೆಯ ಗುಂಯ್ ಸೇರಬಾರದೆಂದು ಸೆಟ್ಟನ್ನು ಸೆಲ್ಲಿನಲ್ಲಿ ಓಡಿಸಿದೆ, ಲ್ಯಾಪ್‌ಟಾಪಿನ ಚಾರ್ಜರ್ ಕೂಡ ಕಿತ್ತೆ. ಅವರು ಗಂಟಲು ಸರಿಮಾಡಿಕೊಳ್ಳುವ ಮೊದಲಿನ ನಾಲ್ಕು ಸೆಕೆಂಡಿನ ಮೌನ ಆರಿಸಿ ಸ್ಪೆಕ್ಟ್ರಮ್, ಅಂದರೆ ಯಾವ ಹರ್ಟ್ಸಿನಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ, ತೆಗೆದೆ. ಅಳತೆಯ ಗಾತ್ರ 65536 ಇಟ್ಟರೆ ಒಂದು ಹರ್ಟ್ಸಿಗಿಂತ ಸೂಕ್ಷ್ಮವಾಗಿ ಕಾಣುತ್ತದೆ. ಚೂಪಾದ ಗೆರೆ 125ರಲ್ಲಿ ನಿಂತಿತ್ತು. ಅದರ ಅರ್ಧದಲ್ಲಿ, 62.5ರಲ್ಲಿ, ಇನ್ನೊಂದು ಸಣ್ಣದು. ಒಂದು ದೇಶದ ಕರೆಂಟು 60ರಿಂದ 62.5ಕ್ಕೆ ಏರಿ ಓಡುವುದಿಲ್ಲ. ನಿಧಾನ ಓಡಿದ್ದು ರೆಕಾರ್ಡರು. 120ನ್ನು 125ರಿಂದ ಭಾಗಿಸಿದರೆ 0.96. ದೊಡ್ಡಪ್ಪ ನೂರಕ್ಕೆ ನಾಲ್ಕರಷ್ಟು ಅವಸರದಲ್ಲಿ ಮಾತಾಡುತ್ತಿದ್ದರು. ಸಂಗೀತದವರ ಲೆಕ್ಕದಲ್ಲಿ ಅರ್ಧ ಸ್ವರಕ್ಕಿಂತ ಸ್ವಲ್ಪ ಕಮ್ಮಿ. ದೊಡ್ಡಮ್ಮನ ಕಿವಿ ಅಷ್ಟನ್ನೇ ಹಿಡಿದಿತ್ತು.

ಟೇಪು ಓಡುತ್ತಲೇ ಇತ್ತು. ಇಪ್ಪತ್ತೇಳನೆಯ ನಿಮಿಷದಲ್ಲಿ ದೊಡ್ಡಪ್ಪ "ಇಷ್ಟೇ ಈಗ" ಎಂದರು, ಟಕ್ ಎಂದು ಗುಂಡಿ ಸದ್ದು. ಮುಗಿಯಿತೆಂದು ನಿಲ್ಲಿಸಲು ಕೈಯಿಟ್ಟೆ. ಅಷ್ಟರಲ್ಲಿ ಇನ್ನೊಂದು ದನಿ, ಮಬ್ಬಾಗಿ, ವಾಕ್ಯದ ನಡುವಿನಿಂದ: "...ಕೊಟ್ಟಿಗೆ ಸೋರುತ್ತದೆ, ಅದನ್ನು ಅಣ್ಣ ಬಂದು ನೋಡುತ್ತೇನೆಂದಿದ್ದಾರೆ. ನೀವು ತಲೆಬಿಸಿ ಮಾಡಬೇಡಿ."

ಕ್ಯಾಸೆಟ್ ಆಗ ಅಗ್ಗವಲ್ಲ. ಒಂದೇ ಕ್ಯಾಸೆಟ್ ಹೋಗಿ ಬರುತ್ತಿತ್ತು. ದೊಡ್ಡಮ್ಮ ಕಳಿಸಿದ ಕಾಗದದ ಮೇಲೆಯೇ ದೊಡ್ಡಪ್ಪ ಉತ್ತರ ತುಂಬಿಸಿದ್ದರು, ಅವರ ಮಾತು ಮುಗಿದಲ್ಲಿಂದ ಮುಂದೆ ಹಳೆಯದು ಅಳಿಯದೆ ಉಳಿದಿತ್ತು. ಮೂರು ನಿಮಿಷ. ಆ ಮಾತು ತುಂಬಿದ್ದು ಇದೇ ಸೆಟ್ಟಿನಲ್ಲಿ, ಇದೇ ಜಗಲಿಯಲ್ಲಿ.

ಸ್ಕ್ರೂವನ್ನು ಉಗುರುಬಣ್ಣದ ಗೆರೆಗೆ ತಿರುಗಿಸಿದೆ. ಮಬ್ಬು ಹರಿದು ದನಿ ಮುಂದೆ ಬಂತು: ಬರೆದ ಹೆಡ್ಡೂ ಓದುವ ಹೆಡ್ಡೂ ಒಂದೇ. ಗುಂಯ್ ನೋಡಿದರೆ 98. ನಮ್ಮ ಕರೆಂಟು ಆ ವರ್ಷಗಳಲ್ಲಿ ಲೋಡು ಹೆಚ್ಚಾದಾಗ 50ಕ್ಕಿಂತ ಕೆಳಗೆ ಜಾರುತ್ತಿದ್ದದ್ದು ಗೊತ್ತಿರುವ ಸಂಗತಿ, ಹಾಗಾಗಿ 100ಕ್ಕೆ ಬದಲು 98 ಎಂಬುದು ಸರಿಯಾಗಿಯೇ ಕೂತಿತು. ಈ ಸೆಟ್ಟು 1988ರಲ್ಲೂ ಸರಿಯಾದ ವೇಗದಲ್ಲೇ ಓಡುತ್ತಿತ್ತು. ಇದು ಸ್ಟೀರಿಯೊ ಬೇರೆ, ಎರಡು ಮೂಲೆಗೆ ಎರಡು ಮೈಕು. ಬಲಕಿವಿಯಲ್ಲಿ ಹಂಚಿನ ಮೇಲೆ ಮಳೆ. ಎಡಕಿವಿಯಲ್ಲಿ ಮಾತ್ರ, ದೂರದಲ್ಲಿ, ಬಾವಿಯ ರಾಟೆ ಕಿರ್ರ್ ಎನ್ನುತ್ತ ಯಾರೋ ನೀರು ಸೇದುತ್ತಿದ್ದರು.

ಮೊದಲ ಇಪ್ಪತ್ತೇಳು ನಿಮಿಷವನ್ನು ನೂರಕ್ಕೆ ನಾಲ್ಕು ನಿಧಾನ ಮಾಡಿದೆ, ಅದು ಇಪ್ಪತ್ತೆಂಟು ದಾಟಿತು. ಕೊನೆಯ ಮೂರು ನಿಮಿಷವನ್ನು ಇದ್ದಂತೆಯೇ ಬಿಟ್ಟೆ. ಪೆನ್‌ಡ್ರೈವಿಗೆ ಹಾಕಿಕೊಡಲೇ ಎಂದು ಕೇಳಿದ್ದಕ್ಕೆ ದೊಡ್ಡಮ್ಮ ತಲೆಯಾಡಿಸಿ ಸೆಟ್ಟನ್ನು ತೋರಿಸಿದರು. ಆದ್ದರಿಂದ ಸೆಟ್ಟಿನ ಹಿಂದಿನ ಲೈನ್ ಇನ್‌ಗೆ ಕಂಪ್ಯೂಟರು ಜೋಡಿಸಿ, 90 ನಿಮಿಷದ ಹೊಸ ಕ್ಯಾಸೆಟ್ಟಿಗೆ ತುಂಬಿಸಿ ಹಲ್ಲು ಮುರಿದೆ. ಮೂಲ ಟೇಪು ಸಿಲಿಕಾ ಜೆಲ್ಲಿನ ಜೊತೆ ಸ್ಟೀಲಿನ ಡಬ್ಬಿಯಲ್ಲಿದೆ. ಒಟ್ಟು ಖರ್ಚು ಸೆಲ್ಲು ಬಿಟ್ಟು ನಾನೂರು ರೂಪಾಯಿಯೂ ಆಗಲಿಲ್ಲ.

ಗುಂಡಿಯನ್ನು ದೊಡ್ಡಮ್ಮನೇ ಒತ್ತಿದರು. ಈ ಸಲ ಎರಡನೇ ವಾಕ್ಯಕ್ಕೇ "ಹಾಂ" ಎಂದರು, ಮತ್ತೇನೂ ಹೇಳಲಿಲ್ಲ, ಕೊನೆಯ ತನಕ ಕದಲಲೂ ಇಲ್ಲ. "ಇಷ್ಟೇ ಈಗ" ಬಂತು, ಗುಂಡಿಯ ಟಕ್ ಬಂತು. ಕೊಟ್ಟಿಗೆಯ ಮಾತು ಶುರುವಾಯಿತು. ಅವರು ಹುಬ್ಬು ಗಂಟುಹಾಕಿ ಸ್ಪೀಕರಿನ ಹತ್ತಿರ ಬಗ್ಗಿದರು.

"ಇದು ಯಾರ ದನಿ ಮಗಾ? ನಮ್ಮ ಮನೆ ರಾಟೆ ಕೇಳುತ್ತದಲ್ಲ?"